ಪರಿವೀಕ್ಷಣೆಯ ಷರತ್ತು ಮುರಿದರೆ ಮತ್ತೆ ಸೆರೆಮನೆಯೇ?

ಅಪರಾಧವು ರುಜುವಾತಾದ ಮೇಲೂ ಅಪರಾಧಿಯನ್ನು ಕಾರಾಗೃಹಕ್ಕೆ ಕಳುಹಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರವನ್ನು 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮವು ನ್ಯಾಯಾಲಯಕ್ಕೆ ನೀಡಿದೆ. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಈ ಸೌಲಭ್ಯವಿಲ್ಲ. ಮುಚ್ಚಳಿಕೆಯ ಅವಧಿ ಮೂರು ವರ್ಷಗಳನ್ನು ಮೀರುವಂತಿಲ್ಲ. ಈ ಅವಧಿಯಲ್ಲಿ, ಜನರು ಪ್ರೊಬೇಷನ್ ಅಧಿಕಾರಿ ಎಂದು ಕರೆಯುವ ಪರಿವೀಕ್ಷಣಾಧಿಕಾರಿಯ ಮೇಲ್ವಿಚಾರಣೆಯಲ್ಲಿ ಇರಬೇಕೆಂದೂ, ಗೊತ್ತಾದ ಸ್ಥಳದಲ್ಲಿ ವಾಸಿಸಬೇಕೆಂದೂ, ಮಾದಕ ವಸ್ತುಗಳನ್ನು ತ್ಯಜಿಸಬೇಕೆಂದೂ ಷರತ್ತು ವಿಧಿಸಬಹುದಾಗಿದೆ.

ಷರತ್ತು ತಪ್ಪಿದೊಡನೆ ಸೆರೆವಾಸ ಖಚಿತವೆಂದು ಭಾವಿಸುವುದು ಸರಿಯಲ್ಲ. ಯಾರನ್ನಾದರೂ ಸೆರೆಗೆ ಮರಳಿಸುವ ಅಧಿಕಾರ ಪರಿವೀಕ್ಷಣಾಧಿಕಾರಿಗೆ ಇಲ್ಲ; ಅವರು ವರದಿ ಸಲ್ಲಿಸಬಲ್ಲರು, ಅಷ್ಟೆ. 9ನೇ ಕಲಮಿನ ಪ್ರಕಾರ ನ್ಯಾಯಾಲಯವು ವಾರಂಟ್ ಹೊರಡಿಸಬಹುದು. ಅದರ ಬದಲು ಆತನಿಗೂ ಜಾಮೀನುದಾರರಿಗೂ ಸಮನ್ಸ್ ಕಳುಹಿಸಬಹುದು. ವಿಚಾರಣೆ ಮುಗಿಯುವವರೆಗೆ ಜಾಮೀನಿನ ಮೇಲೆ ಬಿಡಲೂ ಅವಕಾಶವಿದೆ. ಉಲ್ಲಂಘನೆ ನಡೆದಿದೆಯೆಂದು ವಿಚಾರಣೆಯಿಂದ ಮನವರಿಕೆಯಾದರೆ ಮಾತ್ರ ಮುಂದಿನ ಕ್ರಮ. ಆಗ ಮೂಲ ಅಪರಾಧಕ್ಕೆ ಶಿಕ್ಷೆ ವಿಧಿಸಬಹುದು. ಇದು ಮೊದಲ ತಪ್ಪಾಗಿದ್ದರೆ ಮುಚ್ಚಳಿಕೆಯನ್ನು ಹಾಗೆಯೇ ಉಳಿಸಿ, 50 ರೂಪಾಯಿಗಳವರೆಗೆ ದಂಡ ಹಾಕಿ ಬಿಡಬಹುದು. 1958ರಲ್ಲಿ ಗಣ್ಯವಾಗಿದ್ದ ಈ ಮೊತ್ತ ಇಂದು ಅತ್ಯಲ್ಪವೆನಿಸಿದರೂ ಅದನ್ನು ಅಲಕ್ಷಿಸಲಾಗದು: ಗೊತ್ತುಪಡಿಸಿದ ಕಾಲದೊಳಗೆ ಸಲ್ಲಿಸದಿದ್ದರೆ ಮೂಲ ಶಿಕ್ಷೆಯನ್ನು ವಿಧಿಸಬಹುದು. ಈ ರಿಯಾಯಿತಿಯನ್ನು ಹಕ್ಕೆಂದೂ ತಿಳಿಯಬಾರದು. ಅದು ನ್ಯಾಯಾಲಯದ ವಿವೇಚನೆಗೆ ಬಿಟ್ಟದ್ದು.

ಷರತ್ತಿನ ಮೇಲೆ ಸರ್ಕಾರದಿಂದ ಶಿಕ್ಷೆಯ ಮಾಫಿ ಪಡೆದವರ ಸ್ಥಿತಿ ಬೇರೆ. ಷರತ್ತು ಈಡೇರಲಿಲ್ಲವೆಂದು ಸರ್ಕಾರವು ಮಾಫಿಯನ್ನು ರದ್ದುಪಡಿಸಿದರೆ, ಅಂಥವರನ್ನು ವಾರಂಟ್ ಇಲ್ಲದೆಯೇ ಬಂಧಿಸಿ ಉಳಿದ ಶಿಕ್ಷೆಗೆ ಒಳಪಡಿಸಬಹುದು.

ಊರು ಬಿಟ್ಟು ದುಡಿಯುವವರಿಗೆ ವಾಸಸ್ಥಳದ ಷರತ್ತೇ ತೊಡಕಿನದು. ಮುಂಬಯಿಯ ಹೋಟೆಲೊಂದರಲ್ಲಿ ಕೆಲಸದಲ್ಲಿದ್ದ ಯುವಕನಿಗೆ ಪುಣೆಯಲ್ಲಿ ಕೆಲಸ ದೊರೆಯಿತೆನ್ನೋಣ. ಹೇಳದೆ ಹೊರಟರೆ ಅದು ಉಲ್ಲಂಘನೆಯಾದೀತು. ಮುಂಚಿತವಾಗಿ ಪರಿವೀಕ್ಷಣಾಧಿಕಾರಿಗೆ ತಿಳಿಸಿದರೆ, ಅವರ ಅರ್ಜಿಯ ಮೇಲೆ ನ್ಯಾಯಾಲಯವು 8ನೇ ಕಲಮಿನಂತೆ ಷರತ್ತನ್ನೇ ಬದಲಿಸಬಹುದು. ನಡತೆ ತೃಪ್ತಿಕರವಾಗಿದ್ದಲ್ಲಿ ಮುಚ್ಚಳಿಕೆಯಿಂದ ಅವಧಿಗೆ ಮೊದಲೇ ಮುಕ್ತಗೊಳಿಸಲೂಬಹುದು.

ಇನ್ನೊಂದು ಸಂಗತಿಯನ್ನು ಬಹಳ ಮಂದಿ ಗಮನಿಸುವುದಿಲ್ಲ. ಪರಿವೀಕ್ಷಣೆಯ ಮೇಲೆ ಬಿಡುಗಡೆಯಾದವನಿಗೆ, ಅಪರಾಧ ನಿರ್ಣಯದಿಂದ ಕಾನೂನಿನ ಪ್ರಕಾರ ಉಂಟಾಗುವ ಅನರ್ಹತೆ ತಗಲದಂತೆ 12ನೇ ಕಲಮು ರಕ್ಷಿಸುತ್ತದೆ. ಮುಂದೆ ಮೂಲ ಅಪರಾಧಕ್ಕೆ ಶಿಕ್ಷೆಯಾದರೆ ಆ ರಕ್ಷಣೆಯೂ ತಪ್ಪುತ್ತದೆ.