ಲಿಫ್ಟ್ ಏಳದಿದ್ದರೆ ಮೊದಲು ಎಣ್ಣೆ ನೋಡಿ

ಬಿತ್ತನೆಯ ಹೊತ್ತಿನಲ್ಲಿ ಟ್ರ್ಯಾಕ್ಟರಿನ ಲಿಫ್ಟ್ ಕೈಕೊಟ್ಟರೆ ನಮ್ಮ ಅನುಮಾನ ನೇರವಾಗಿ ಪಂಪಿನ ಮೇಲೆ ಹೋಗುತ್ತದೆ. ಪಂಪು ಬಿಚ್ಚಿಸಿ ಹೊಸದು ಹಾಕಿಸಿದ ಮೇಲೂ ತೊಂದರೆ ಹಾಗೇ ಉಳಿಯುವುದುಂಟು. ಹೈಡ್ರಾಲಿಕ್ ದೋಷಗಳಲ್ಲಿ ಬಹುಪಾಲು ಹುಟ್ಟುವುದು ಎಣ್ಣೆಯಲ್ಲಿ. ಎಣ್ಣೆ ಕಡಿಮೆಯಾಗಿರುತ್ತದೆ, ಕೊಳೆಯಾಗಿರುತ್ತದೆ, ಇಲ್ಲವೇ ಆ ಟ್ರ್ಯಾಕ್ಟರಿಗೆ ಸಲ್ಲದ ಎಣ್ಣೆಯಾಗಿರುತ್ತದೆ. ಸ್ಪ್ಯಾನರ್ ಹಿಡಿಯುವ ಮುನ್ನ ಡಿಪ್‌ಸ್ಟಿಕ್ ಎಳೆದು ನೋಡಿ.

ನೋಡುವುದಕ್ಕೂ ಒಂದು ಕ್ರಮವಿದೆ. ಟ್ರ್ಯಾಕ್ಟರ್ ಸಮತಟ್ಟಾದ ಜಾಗದಲ್ಲಿರಲಿ, ಲಿಫ್ಟ್ ಪೂರ್ತಿ ಇಳಿದಿರಲಿ, ಎಂಜಿನ್ ಬಂದಾಗಿರಲಿ. ಟ್ರೇಲರ್ ಎತ್ತಿದ ಸ್ಥಿತಿಯಲ್ಲಿ ಅಳೆದರೆ ಎಣ್ಣೆ ಕಡಿಮೆ ಕಾಣುತ್ತದೆ, ಏಕೆಂದರೆ ಅದು ಜಾಕಿನೊಳಗಿರುತ್ತದೆ. ಆಗ ತುಂಬಿಸಿದರೆ ಟ್ರೇಲರ್ ಇಳಿದಾಗ ಎಣ್ಣೆ ಮಟ್ಟ ಮೀರುತ್ತದೆ.

ಎಣ್ಣೆ ಬೆಳ್ಳಗೆ ಮಜ್ಜಿಗೆಯಂತಾಗಿದ್ದರೆ ನೀರು ಸೇರಿದೆ. ಗಂಗಾವತಿ, ಸಿಂಧನೂರು ಕಡೆ ಕೇಜ್‌ವೀಲ್ ಹಾಕಿ ಭತ್ತದ ಗದ್ದೆಯಲ್ಲಿ ಓಡಾಡುವ ಟ್ರ್ಯಾಕ್ಟರುಗಳು ಇದನ್ನು ವಿಶೇಷವಾಗಿ ಗಮನಿಸಬೇಕು. ಸವೆದ ಆಕ್ಸಲ್ ಸೀಲು, ಪಿಟಿಒ ಸೀಲುಗಳಿಂದ ಕೆಸರುನೀರು ಒಳಗಿಳಿಯುತ್ತದೆ. ರಾತ್ರಿ ನಿಂತ ಟ್ರ್ಯಾಕ್ಟರಿನಲ್ಲಿ ನೀರು ತಳಕ್ಕೆ ಇಳಿದಿರುವುದರಿಂದ, ಬೆಳಿಗ್ಗೆ ಚಾಲೂ ಮಾಡುವ ಮೊದಲು ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿದರೆ ಮೊದಲು ನೀರೇ ತೊಟ್ಟಿಕ್ಕುತ್ತದೆ. ಆದರೆ ಎಣ್ಣೆಯೆಲ್ಲ ಬೆಳ್ಳಗಾಗಿದ್ದರೆ ಪೂರ್ತಿ ಬದಲಿಸುವುದೊಂದೇ ದಾರಿ. ಸೀಲು ಹಾಕಿಸದೆ ಎಣ್ಣೆ ಮಾತ್ರ ಬದಲಿಸುವುದು ದುಡ್ಡು ದಂಡ. ನೊರೆ ಕಂಡರೆ ಪಂಪು ಎಣ್ಣೆಯ ಜೊತೆ ಗಾಳಿಯನ್ನೂ ಎಳೆಯುತ್ತಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಎಣ್ಣೆ ಅತಿಯಾಗಿ ಕಾದಿದೆ.

ಹಲವು ಟ್ರ್ಯಾಕ್ಟರುಗಳಲ್ಲಿ ಗೇರ್‌ಬಾಕ್ಸು, ಲಿಫ್ಟ್, ಆಯಿಲ್ ಬ್ರೇಕು ಮೂರಕ್ಕೂ ಒಂದೇ ಎಣ್ಣೆ. ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿದರೆ ಲಿಫ್ಟ್ ಏನೋ ಏಳಬಹುದು, ಬ್ರೇಕು ಕಿರುಗುಟ್ಟಲು ಶುರುವಾಗುತ್ತದೆ. ಕೈಪಿಡಿಯಲ್ಲಿ ಹೇಳಿದ ದರ್ಜೆಯನ್ನೇ ಹಾಕಿ.

ಧೂಳಿನ ವಿಷಯವನ್ನು ಒತ್ತಿ ಹೇಳಬೇಕು. ಪಂಪು, ವಾಲ್ವುಗಳ ಒಳಗಿನ ಸಂದು ಹಲವೆಡೆ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಷ್ಟೇ ಇರುತ್ತದೆ. ಕಣ್ಣಿಗೆ ಕಾಣದ ಮಣ್ಣಿನ ಕಣವೂ ಅಲ್ಲಿ ಗೀರು ಹಾಕುತ್ತದೆ. ಆ ಮಣ್ಣು ಒಳಹೋಗುವ ದೊಡ್ಡ ಬಾಗಿಲು ಹೋಸ್ ಪೈಪಿನ ಕಪ್ಲರ್. ನೆಲದ ಮೇಲೆ ಬಿದ್ದಿದ್ದ ತುದಿಯನ್ನು ಅಂಗಿಗೆ ಒರೆಸಿ ಸಿಕ್ಕಿಸುವುದು ನಮ್ಮಲ್ಲಿ ಸಾಮಾನ್ಯ. ಶುಚಿಯಾದ, ನೂಲು ಬಿಡದ ಬಟ್ಟೆಯಿಂದ ಎರಡೂ ತುದಿ ಒರೆಸಿ, ಕಳಚಿದ ಕೂಡಲೇ ಮುಚ್ಚಳ ಹಾಕಿ. ಇನ್ನೊಬ್ಬರ ಟಿಪ್ಪಿಂಗ್ ಟ್ರೇಲರ್ ಎರವಲು ತಂದಾಗಲಂತೂ ಎರಡು ಪಟ್ಟು ಎಚ್ಚರ ಬೇಕು: ಅದರ ಜಾಕಿನಲ್ಲಿದ್ದ ಹಳೆಯ ಎಣ್ಣೆ ಇಳಿಯುವಾಗ ನಿಮ್ಮ ಗೇರ್‌ಬಾಕ್ಸಿಗೇ ಬರುತ್ತದೆ. ಸ್ಟ್ರೈನರ್ ಮತ್ತು ಫಿಲ್ಟರನ್ನು ಕೈಪಿಡಿ ಹೇಳಿದ ಗಂಟೆಗೆ ತಪ್ಪದೆ ನೋಡಿ. ಧೂಳಿನಲ್ಲಿ, ಕೆಸರಿನಲ್ಲಿ ದುಡಿಯುವ ಗಾಡಿಗೆ ಇನ್ನೂ ಬೇಗ.

ಎಣ್ಣೆ ಸರಿಯಿದ್ದೂ ಲಿಫ್ಟ್ ಏಳದಿದ್ದರೆ ಐಸೊಲೇಟರ್ ವಾಲ್ವ್ ನೋಡಿ. ಟ್ರೇಲರಿಗೆ ತಿರುಗಿಸಿದ್ದು ಹಾಗೇ ಉಳಿದಿದ್ದರೆ ಎಣ್ಣೆ ಲಿಫ್ಟಿಗೆ ಹೋಗುವುದಿಲ್ಲ. ಎದ್ದದ್ದು ಇಳಿಯದಿದ್ದರೆ ಸೀಟಿನ ಕೆಳಗಿನ ಇಳಿವೇಗದ ಗುಬುಟು ಬಿಗಿಯಾಗಿ ಮುಚ್ಚಿರಬಹುದು. ಇವಕ್ಕೆ ಮೆಕ್ಯಾನಿಕ್ ಬೇಕಿಲ್ಲ.

ಪಂಪು ಕುಂಯ್‌ಗುಟ್ಟುತ್ತಿದ್ದರೆ ಅದಕ್ಕೆ ಎಣ್ಣೆ ಸಾಲುತ್ತಿಲ್ಲ. ಸ್ಟ್ರೈನರ್ ಕಟ್ಟಿರುತ್ತದೆ ಅಥವಾ ಹೀರುವ ಕೊಳವೆಯ ವಾಷರ್ ಸಡಿಲವಾಗಿರುತ್ತದೆ. ಬೆಳಿಗ್ಗೆ ಚೆನ್ನಾಗಿ ಎತ್ತಿ, ಎಣ್ಣೆ ಕಾದ ಮೇಲೆ ಸೋತರೆ ಆಗ ಪಂಪಿನ ಸವೆತವನ್ನು ಅನುಮಾನಿಸಿ. ರೋಟಾವೇಟರ್ ಎತ್ತಿ ಎಂಜಿನ್ ಬಂದ್ ಮಾಡಿದ ಸ್ವಲ್ಪ ಹೊತ್ತಿಗೇ ಅದು ಕುಸಿದರೆ ದೋಷ ಪಂಪಿನದಲ್ಲ, ಸಿಲಿಂಡರಿನ ಸೀಲು ಅಥವಾ ವಾಲ್ವಿನದು. ಎಂಜಿನ್ ಓಡುವಾಗ ಎತ್ತಿದ ಉಪಕರಣ ಮೇಲೆ ಕೆಳಗೆ ತುಯ್ಯುವುದೂ ಅದೇ ಒಳಸೋರಿಕೆಯ ಗುರುತು. ಪಲ್ಟಿ ನೇಗಿಲು ಮಗುಚದೆ ಲಿಫ್ಟ್ ಮಾತ್ರ ಸರಿಯಿದ್ದರೆ ನೇಗಿಲಿನ ಜಾಕು, ಹೋಸು, ಕಪ್ಲರ್‌ಗಳಲ್ಲಿ ಹುಡುಕಿ. ಭಾರ ಎತ್ತಲೆಂದು ರಿಲೀಫ್ ವಾಲ್ವಿಗೆ ವಾಷರ್ ತುರುಕಿ ಒತ್ತಡ ಏರಿಸುವುದನ್ನು ಮಾತ್ರ ಯಾರು ಹೇಳಿದರೂ ಒಪ್ಪಬೇಡಿ. ಹೋಸು ಸಿಡಿಯುತ್ತದೆ, ಪಂಪು ಒಡೆಯುತ್ತದೆ.

ಲಿಫ್ಟಿನ ಎಣ್ಣೆಯ ಒತ್ತಡ ಹಿಂದಿನ ಗಾಲಿಯ ಗಾಳಿಯ ಒತ್ತಡಕ್ಕಿಂತ ನೂರು ಪಟ್ಟಿಗೂ ಹೆಚ್ಚು. ಯಾವ ಕೊಳವೆ ಬಿಚ್ಚುವ ಮೊದಲೂ ಉಪಕರಣ ನೆಲಕ್ಕಿಳಿಸಿ, ಎಂಜಿನ್ ಬಂದ್ ಮಾಡಿ, ಲಿವರುಗಳನ್ನು ಹಿಂದೆ ಮುಂದೆ ಆಡಿಸಿ ಒತ್ತಡ ಬಿಡಿಸಿ. ಎತ್ತಿದ ಟ್ರೇಲರಿನ ಕೆಳಗೆ ಗಟ್ಟಿ ಊರೆ ಕೊಡದೆ ತಲೆ ಹಾಕಬೇಡಿ. ಸೂಜಿರಂಧ್ರದ ಸೋರಿಕೆಯನ್ನು ಬೆರಳಿಂದ ಎಂದೂ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಆ ಎಣ್ಣೆ ಚರ್ಮ ತೂರಿ ಒಳಹೊಕ್ಕರೆ ಹೊರಗೆ ಕಾಣುವುದು ಚಿಕ್ಕ ಚುಕ್ಕೆಯಷ್ಟೇ, ಮೊದಮೊದಲು ನೋವೂ ಹೆಚ್ಚಿರುವುದಿಲ್ಲ. ಅರಿಸಿನ ಹಚ್ಚಿ ಕಾಯಬೇಡಿ. ತಡವಾದರೆ ಬೆರಳೇ ಹೋಗಬಹುದು. ತಕ್ಷಣ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ಆಸ್ಪತ್ರೆಗೆ ಹೋಗಿ, ಹೈಡ್ರಾಲಿಕ್ ಎಣ್ಣೆ ಒತ್ತಡದಿಂದ ಒಳಹೊಕ್ಕಿದೆ ಎಂದು ವೈದ್ಯರಿಗೆ ಬಿಡಿಸಿ ಹೇಳಿ.