ಕಾರಿನ ಸ್ಟೀರಿಯೊಗೆ ನೆಟ್: ಊರ ತಮ್ಮಂದಿರಿಗೆ ಒಂದಿಷ್ಟು ಕಿವಿಮಾತು

ತಮ್ಮಾ, ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ, ಹಳೆಯ ಗಾಡಿ ಕೊಂಡವರೂ ಮೊದಲು ಮಾಡುವ ಕೆಲಸ ಅದಕ್ಕೊಂದು ದೊಡ್ಡ ಟಚ್‌ಸ್ಕ್ರೀನ್ ಸ್ಟೀರಿಯೊ ಹಾಕಿಸುವುದು. ಹಾಕಿಸಿಕೊಂಡು ಮನೆಗೆ ಬಂದ ಮೇಲೆ ಏಳುವ ಪ್ರಶ್ನೆ ಎಲ್ಲರದೂ ಒಂದೇ: ‘ಕಾಕಾ, ಇದಕ್ಕ ನೆಟ್ ಹೆಂಗ ಕೊಡೂದು? ಬ್ಯಾರೆ ಸಿಮ್ ತಗೊಳ್ಳಲೇನು?’ ಶಿಗ್ಗಾವಿ, ಸವಣೂರಿನ ಹುಡುಗರೂ ಇದನ್ನೇ ಕೇಳುತ್ತಾರೆ, ಗಾಡಿ ಓಡಿಸುವ ಹೆಣ್ಣುಮಕ್ಕಳೂ ಇದನ್ನೇ ಕೇಳುತ್ತಾರೆ. ನನ್ನ ಮಾತು ಇಷ್ಟೇ: ನಿನ್ನ ಕಿಸೆಯಲ್ಲಿರುವ ಫೋನಿಗೆ ಈಗಾಗಲೇ ರೀಚಾರ್ಜ್ ಮಾಡಿಸಿರುತ್ತೀ. ಮೊದಲು ಆ ನೆಟ್ಟನ್ನು ಪೂರ್ತಿ ಬಳಸುವುದನ್ನು ಕಲಿ. ಎರಡನೆಯ ಸಿಮ್ಮಿನ ವಿಚಾರ ಆಮೇಲೆ. ಹೇಗೆಂದು ಒಂದೊಂದಾಗಿ ಹೇಳುತ್ತೇನೆ, ಸಮಾಧಾನದಿಂದ ಕೇಳು.

• ನಿನ್ನ ಸ್ಟೀರಿಯೊ ಯಾವ ಬಗೆಯದೆಂದು ಮೊದಲು ತಿಳಿದುಕೊ. ಇವು ಮೂರು ಬಗೆ. ಒಂದು, ಬ್ಲೂಟೂತ್, ಯುಎಸ್‌ಬಿ, ಎಫ್‌ಎಂ ಇರುವ ಸಾದಾ ಸ್ಟೀರಿಯೊ. ಎರಡು, ಆಂಡ್ರಾಯ್ಡ್ ಆಟೊ ಅಥವಾ ಆ್ಯಪಲ್ ಕಾರ್‌ಪ್ಲೇ ಇರುವುದು. ಇದರಲ್ಲಿ ಕೆಲಸವೆಲ್ಲ ಫೋನಿನದು, ಪರದೆ ಮಾತ್ರ ಗಾಡಿಯದು. ಮೂರು, ತಾನೇ ಆಂಡ್ರಾಯ್ಡ್ ಆಗಿರುವ ಸ್ಟೀರಿಯೊ. ಇದರೊಳಗೆ ಪ್ಲೇ ಸ್ಟೋರ್, ಯೂಟ್ಯೂಬ್, ಮ್ಯಾಪ್ ಎಲ್ಲ ಪ್ರತ್ಯೇಕವಾಗಿ ಇರುತ್ತವೆ. ಮೊದಲ ಎರಡಕ್ಕೆ ಸ್ವಂತ ನೆಟ್ಟೇ ಬೇಕಿಲ್ಲ. ನೆಟ್ ಬೇಡುವುದು ಮೂರನೆಯದು ಮಾತ್ರ.

• ಹಾಡು ಕೇಳುವುದಷ್ಟೇ ಆಸೆಯಾದರೆ ಬ್ಲೂಟೂತ್ ಸಾಕು. ಆಂಡ್ರಾಯ್ಡ್ ಸ್ಟೀರಿಯೊ ಇದ್ದರೂ ಹಾಡನ್ನು ಫೋನಿನಲ್ಲೇ ಹಚ್ಚು, ದನಿ ಗಾಡಿಯ ಸ್ಪೀಕರಿನಲ್ಲಿ ಬರಲಿ. ಒಮ್ಮೆ ಜೋಡಿಸಿಟ್ಟರೆ ಮುಂದೆ ಚಾವಿ ತಿರುಗಿಸಿದಾಗ ತಾನಾಗಿಯೇ ಕೂಡಿಕೊಳ್ಳುತ್ತದೆ. ಕರೆ ಬಂದರೆ ಹಾಡು ತಾನೇ ನಿಲ್ಲುತ್ತದೆ, ಮಾತು ಮುಗಿದ ಮೇಲೆ ಮತ್ತೆ ಹಾಡುತ್ತದೆ.

• ಸ್ಟೀರಿಯೊಗೇ ನೆಟ್ ಬೇಕೆಂದಾಗ ಹಾಟ್‌ಸ್ಪಾಟ್ ಕೊಡು. ಒಂದೇ ಬಾವಿಯ ನೀರನ್ನು ಎರಡು ಹೊಲಕ್ಕೆ ಹರಿಸಿದ ಹಾಗೆ ಇದು. ಫೋನಿನ ಸೆಟ್ಟಿಂಗ್‌ನಲ್ಲಿ ಹಾಟ್‌ಸ್ಪಾಟ್ ತೆರೆದು ಹೆಸರು, ಪಾಸ್‌ವರ್ಡ್ ಇಡು. ಸ್ಟೀರಿಯೊದ ವೈಫೈ ಪಟ್ಟಿಯಲ್ಲಿ ಅದೇ ಹೆಸರು ಒತ್ತು. ಹೆಸರೇ ಕಾಣದಿದ್ದರೆ ಗಾಬರಿ ಬೇಡ. ಕಡಿಮೆ ಬೆಲೆಯ ಎಷ್ಟೋ ಸ್ಟೀರಿಯೊಗಳಿಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಗೊತ್ತು, ಹೊಸ ಫೋನುಗಳು 5 ಗಿಗಾಹರ್ಟ್ಸ್‌ನಲ್ಲಿ ಕೊಡುತ್ತಿರುತ್ತವೆ. ಹಾಟ್‌ಸ್ಪಾಟಿನ ಬ್ಯಾಂಡನ್ನು 2.4ಕ್ಕೆ ಬದಲಿಸು. ಐಫೋನ್ ಆದರೆ ‘ಮ್ಯಾಕ್ಸಿಮೈಸ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡು. ಬಹಳ ಮಂದಿ ‘ಸ್ಟೀರಿಯೊ ಕೆಟ್ಟಿದೆ’ ಎಂದು ಅಂಗಡಿಗೆ ಒಯ್ಯುವುದು ಇಷ್ಟು ಸಣ್ಣ ಕಾರಣಕ್ಕೆ.

• ಡೇಟಾದ ಲೆಕ್ಕ ಕಲಿ, ಅಂಜಿಕೆ ಹೋಗುತ್ತದೆ. ಸಾಧಾರಣ ಗುಣಮಟ್ಟದ ಹಾಡು 128 ಕೆಬಿಪಿಎಸ್ ವೇಗದಲ್ಲಿ ಬರುತ್ತದೆ. ತಾಸಿಗೆ ಸುಮಾರು 58 ಎಂಬಿ ಆಯಿತು. ದಿನಕ್ಕೆ 1.5 ಜಿಬಿ ಇರುವ ಪ್ಯಾಕಿನಲ್ಲಿ 24 ತಾಸು ಬಿಡದೆ ಹಾಡಿಸಿದರೂ ಮುಗಿಯುವುದಿಲ್ಲ. ಅತಿ ಹೆಚ್ಚಿನ ಗುಣಮಟ್ಟವೆಂದು 320 ಕೆಬಿಪಿಎಸ್ ಇಟ್ಟರೆ ತಾಸಿಗೆ 144 ಎಂಬಿ. ಓಡುವ ಗಾಡಿಯ ಟೈರಿನ ಸದ್ದಿನಲ್ಲಿ ಆ ವ್ಯತ್ಯಾಸ ಕಿವಿಗೆ ಸಿಗುವುದು ಕಷ್ಟ, ಆದ್ದರಿಂದ ಆ್ಯಪಿನಲ್ಲಿ ಸಾಧಾರಣ ಗುಣಮಟ್ಟವನ್ನೇ ಇಟ್ಟುಕೊ. ದಾರಿ ತೋರಿಸುವ ಮ್ಯಾಪಿಗೆ ಇದಕ್ಕಿಂತಲೂ ಬಹಳ ಕಡಿಮೆ ಸಾಕು.

• ಡೇಟಾ ನುಂಗುವುದು ವಿಡಿಯೊ ಮತ್ತು ಅಪ್‌ಡೇಟ್. ಸ್ಟೀರಿಯೊ ಹಾಟ್‌ಸ್ಪಾಟಿಗೆ ಸೇರಿದ ಕೂಡಲೇ ತನ್ನೊಳಗಿನ ಆ್ಯಪುಗಳನ್ನು ಸದ್ದಿಲ್ಲದೆ ಅಪ್‌ಡೇಟ್ ಮಾಡಿಕೊಳ್ಳಲು ಕೂರುತ್ತದೆ. ಶಿಗ್ಗಾವಿಯಿಂದ ಹುಬ್ಬಳ್ಳಿ ಮುಟ್ಟುವುದರೊಳಗೆ ದಿನದ ಪಾಲು ಖಾಲಿ. ಪ್ಲೇ ಸ್ಟೋರಿನಲ್ಲಿ ಆಟೊ ಅಪ್‌ಡೇಟ್ ನಿಲ್ಲಿಸು. ತಿಂಗಳಿಗೊಮ್ಮೆ ಮನೆಯ ಮುಂದೆ ಗಾಡಿ ನಿಲ್ಲಿಸಿ ಮನೆಯ ವೈಫೈಯಲ್ಲಿ ಆ ಕೆಲಸ ಮುಗಿಸು. ದಿನದ ಪಾಲು ಮುಗಿದ ಮೇಲೆ ಬಹಳ ಪ್ಯಾಕುಗಳಲ್ಲಿ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಆಗ ಹಾಡು ನಿಂತು ನಿಂತು ಬರುತ್ತದೆ.

• ಯಾವ ಕಂಪನಿಯ ಸಿಮ್ ಚಲೋ ಎಂದು ಜಾಹೀರಾತನ್ನು ಕೇಳಬೇಡ, ನೀನು ಓಡಾಡುವ ದಾರಿಯನ್ನು ಕೇಳು. ಶಿಗ್ಗಾವಿ, ಬಂಕಾಪುರದವರು ಹೆಚ್ಚಾಗಿ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಓಡಾಡುವವರು. ಹೆದ್ದಾರಿಯ ಅನುಭವವೇ ಬೇರೆ. ಹಾನಗಲ್ಲಿನವನು ಶಿರಸಿಯ ಕಡೆ ಹೊರಟರೆ ಮಲೆನಾಡಿನ ಕಾಡು ಎದುರಾಗುತ್ತದೆ. ಹಿರೇಕೆರೂರಿನವನು ಶಿಕಾರಿಪುರದ ಕಡೆ ತಿರುಗಿದರೆ ಗುಡ್ಡ, ಕೆರೆ, ತಿರುವು. ಮನೆಮಂದಿಯ ಬೇರೆ ಬೇರೆ ಕಂಪನಿಯ ಫೋನುಗಳನ್ನು ಒಮ್ಮೆ ಒಟ್ಟಿಗೆ ಒಯ್ದು ಎಲ್ಲಿ ಯಾವುದು ಹಿಡಿಯುತ್ತದೆಂದು ಪಕ್ಕದಲ್ಲಿ ಕೂತವರು ಬರೆದಿಡಲಿ. ನಿನ್ನದು ಸೋತರೆ ನಂಬರ್ ಅದೇ ಇಟ್ಟುಕೊಂಡು ಕಂಪನಿ ಬದಲಿಸಬಹುದು: ಇಂಗ್ಲಿಷಿನಲ್ಲಿ ‘ಪೋರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ನಿನ್ನ ನಂಬರ್ ಸೇರಿಸಿ, 1900ಕ್ಕೆ ಮೆಸೇಜ್ ಕಳಿಸು. ಸಿಮ್ ಶುರುವಾಗಿ 90 ದಿನ ಆಗಿರಬೇಕು.

• ಬೇರೆ ಸಿಮ್ ಯಾರಿಗೆ ಬೇಕು? ಒಂದೇ ಗಾಡಿಯನ್ನು ಹಲವರು ಓಡಿಸುವ ಮನೆಗೆ, ಬಾಡಿಗೆ ಗಾಡಿಯವನಿಗೆ, ಗಾಡಿ ಎಲ್ಲಿದೆಯೆಂದು ಮನೆಯಿಂದಲೇ ನೋಡಬೇಕಾದವನಿಗೆ. ಇವರ ಫೋನು ಗಾಡಿಯಿಂದ ಇಳಿದು ಹೋದರೂ ಗಾಡಿಗೆ ನೆಟ್ ಇರಬೇಕಾಗುತ್ತದೆ. ಉಳಿದವರಿಗೆ ಅದು ತಿಂಗಳ ಖರ್ಚಿಗೆ ಇನ್ನೊಂದು ಸಾಲು, ಅಷ್ಟೇ. ಬೇಕೇ ಬೇಕಾದರೆ ನಿನ್ನ ಹೆಸರಿನಲ್ಲೇ, ನಿನ್ನ ಆಧಾರ್ ಕೊಟ್ಟು ತೆಗೆದುಕೊ. ಅಂಗಡಿಯವನು ‘ನನ್ನ ಹತ್ರ ಚಾಲೂ ಸಿಮ್ ಐತಿ’ ಎಂದರೆ ಮುಟ್ಟಬೇಡ. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿನಲ್ಲಿ 9 ಸಿಮ್ ಮಾತ್ರ ಇರಬಹುದು. ನಿನ್ನ ಹೆಸರಿನಲ್ಲಿ ಎಷ್ಟಿವೆ ಎಂಬುದನ್ನು ಕೇಂದ್ರ ಸರಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿಕೊ.

• ಸಿಮ್ ಹಾಕುವ ಜಾಗ ಇದೆಯೆಂದ ಮಾತ್ರಕ್ಕೆ ನಂಬಬೇಡ. ಅಗ್ಗಕ್ಕೆ ಸಿಗುವ ಹಳೆಯ 3ಜಿ ಡಾಂಗಲ್, 3ಜಿ ಸ್ಟೀರಿಯೊ ತೆಗೆದುಕೊಂಡರೆ ದುಡ್ಡು ನೀರಿಗೆ. ಏರ್‌ಟೆಲ್ 2020ರಲ್ಲಿ 3ಜಿ ಮುಚ್ಚಿತು; 2016ರಲ್ಲಿ ಬಂದ ಜಿಯೊ ಹುಟ್ಟಿದ್ದೇ 4ಜಿಯೊಂದಿಗೆ. ಹೊರದೇಶದ ಮಾರುಕಟ್ಟೆಗೆ ಮಾಡಿದ ಕೆಲವು ಸ್ಟೀರಿಯೊಗಳಲ್ಲಿ 4ಜಿ ಇದ್ದರೂ ನಮ್ಮಲ್ಲಿ ಬಳಸುವ ಬ್ಯಾಂಡುಗಳೆಲ್ಲ ಇರುವುದಿಲ್ಲ. ಜಿಯೊಗೆ 3, 5, 40ನೇ ಬ್ಯಾಂಡುಗಳು ಬೇಕು. ಪೆಟ್ಟಿಗೆಯ ಮೇಲೆ ಅವುಗಳ ಪಟ್ಟಿ ಇದೆಯೋ ನೋಡು. ಎಲ್ಲಕ್ಕಿಂತ ಸುಲಭದ ಪರೀಕ್ಷೆ, ದುಡ್ಡು ಕೊಡುವ ಮೊದಲು ನಿನ್ನ ಸಿಮ್ ಹಾಕಿಸಿ ನೆಟ್ ಓಡಿಸಿ ನೋಡುವುದು.

• ಅಂಗಡಿಯಲ್ಲಿ ಅವರ ವೈಫೈಯಲ್ಲಿ ತೋರಿಸಿದ್ದನ್ನು ಒಪ್ಪಬೇಡ. ನಿನ್ನ ಫೋನಿನ ಹಾಟ್‌ಸ್ಪಾಟಿನಲ್ಲಿ ಹಾಡು, ಮ್ಯಾಪ್, ಬ್ಲೂಟೂತಿನಲ್ಲಿ ಕರೆ, ಮೂರನ್ನೂ ಪರೀಕ್ಷಿಸು. ಕರೆಯಲ್ಲಿ ನಿನ್ನ ದನಿ ಆ ಕಡೆಯವರಿಗೆ ಸ್ಪಷ್ಟವಾಗಿ ಕೇಳುತ್ತದೆಯೇ ಎಂದು ಮನೆಗೆ ಫೋನ್ ಮಾಡಿ ತಿಳಿದುಕೊ. ಜಿಎಸ್‌ಟಿ ಬಿಲ್ಲು, ಸೀಲು ಹಾಕಿದ ವಾರಂಟಿ ಕಾರ್ಡು ಎರಡನ್ನೂ ಕೇಳಿ ಪಡೆ. ಹುಬ್ಬಳ್ಳಿಯಲ್ಲಿ ನೂರು ರೂಪಾಯಿ ಉಳಿಯುತ್ತದೆಂದು ಬಿಲ್ಲು ಬಿಟ್ಟು ಬಂದರೆ, ಕೆಟ್ಟ ದಿನ ಕೇಳುವವರಿರುವುದಿಲ್ಲ.

• ವೈರು ಕತ್ತರಿಸಲು ಬಿಡಬೇಡ. ನಿನ್ನ ಗಾಡಿಗೆ ಹೊಂದುವ ಕಪ್ಲರ್ ಸಿಗುತ್ತದೆ, ಅದನ್ನೇ ಹಾಕಿಸು. ಮೂಲ ವೈರು ಕತ್ತರಿಸಿದರೆ ಕಂಪನಿಯ ವಾರಂಟಿಗೆ ತಕರಾರು ಬರಬಹುದು. ಸ್ಟೀರಿಯೊದ ಹಳದಿ ವೈರು ಬ್ಯಾಟರಿಯಿಂದ ಸದಾ ಕರೆಂಟು ತರುವುದು, ಕೆಂಪು ವೈರು ಚಾವಿ ತಿರುಗಿಸಿದಾಗ ಮಾತ್ರ, ಕರಿ ವೈರು ಅರ್ಥಿಂಗ್. ಕೆಂಪನ್ನೂ ಹಳದಿಯ ಜೊತೆ ಕಟ್ಟಿದರೆ ಚಾವಿ ತೆಗೆದ ಮೇಲೂ ಸ್ಟೀರಿಯೊ ಎಚ್ಚರವಾಗಿಯೇ ಇದ್ದು, ಮುಂಜಾನೆ ಹೊತ್ತಿಗೆ ಬ್ಯಾಟರಿ ಇಳಿದಿರುತ್ತದೆ. ಜಿಎಸ್‌ಟಿ ಬಿಲ್ಲಿನಷ್ಟೇ ಮುಖ್ಯ ಜಿಪಿಎಸ್ ಆ್ಯಂಟೆನಾ. ಅದನ್ನು ಸ್ಟೀರಿಯೊದ ಹಿಂದೆ ತುರುಕದೆ ಮುಂಗಾಜಿನ ಹತ್ತಿರ, ಆಕಾಶ ಕಾಣುವಂತೆ ಇಡಿಸು.

• ದಾರಿ ಗೊತ್ತಾಗಲು ನೆಟ್ ಇರಲೇಬೇಕೆಂದಿಲ್ಲ. ನೀನು ಎಲ್ಲಿದ್ದೀಯೆಂದು ಹೇಳುವುದು ಉಪಗ್ರಹ; ನೆಟ್ ತರುವುದು ನಕಾಶೆಯನ್ನು ಮಾತ್ರ. ಗೂಗಲ್ ಮ್ಯಾಪಿನಲ್ಲಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳುವ ಅನುಕೂಲವಿದೆ. ಹಾವೇರಿ ಜಿಲ್ಲೆ, ಶಿರಸಿ, ಶಿಕಾರಿಪುರ, ಹುಬ್ಬಳ್ಳಿ ಎಲ್ಲ ಬರುವಂತೆ ಚೌಕ ಎಳೆದು ಮನೆಯಲ್ಲೇ ಇಳಿಸಿಟ್ಟುಕೊ. ಟವರ್ ಇಲ್ಲದ ಕಡೆಯೂ ತಿರುವು ಹೇಳುತ್ತದೆ. ಟ್ರಾಫಿಕ್ ಎಷ್ಟಿದೆ ಎಂಬುದು ಮಾತ್ರ ಆಗ ಸಿಗುವುದಿಲ್ಲ.

• ಹಾಡನ್ನೂ ಹೀಗೇ ತುಂಬಿಸಿಟ್ಟುಕೊ. ಆ್ಯಪಿನಲ್ಲಿ ಡೌನ್‌ಲೋಡ್ ಮಾಡು, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕು. ಒಂದು ಮಾತು ಮನಸ್ಸಿನಿಂದ ಹೇಳುತ್ತೇನೆ: ಆ ಪಟ್ಟಿಯಲ್ಲಿ ನಮ್ಮ ನೆಲದ ದನಿಗಳಿಗೂ ಜಾಗ ಇರಲಿ. ಗಾನಯೋಗಿ ಪಂಚಾಕ್ಷರಿ ಗವಾಯಿಗಳು 1892ರಲ್ಲಿ ಹುಟ್ಟಿದ್ದು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು 1914ರಲ್ಲಿ ಹುಟ್ಟಿದ ದೇವಗಿರಿಯೂ ಅದೇ ತಾಲ್ಲೂಕು. ಹಾನಗಲ್ಲಿನ ಹೆಸರನ್ನು ಜಗತ್ತಿಗೆ ಕೇಳಿಸಿದವರು ಗಂಗೂಬಾಯಿ. ಶಿಗ್ಗಾವಿ ತಾಲ್ಲೂಕಿನ ಬಾಡ ಕನಕದಾಸರದು, ಶಿಶುವಿನಹಾಳ ಷರೀಫರದು. ಷರೀಫರ ತತ್ವಪದಗಳನ್ನು ಸಿ. ಅಶ್ವತ್ಥರ ಕಂಠದಲ್ಲಿ ಕೇಳಿದವರು ಮರೆಯಲಾರರು. ಸವಣೂರಿನಲ್ಲಿ ಹುಟ್ಟಿದ ವಿ.ಕೃ. ಗೋಕಾಕರ ಭಾವಗೀತೆ, ಹಿರೇಕೆರೂರು ಸೀಮೆ ತನ್ನವನೆಂದು ಹೇಳಿಕೊಳ್ಳುವ ಸರ್ವಜ್ಞನ ತ್ರಿಪದಿ ಇವೂ ಸೇರಲಿ. ಹಿಂದಿನ ಸೀಟಿನಲ್ಲಿ ಕೂತ ಮಕ್ಕಳ ಕಿವಿಗೆ ಇವು ಬೀಳುವುದು ಇನ್ನೆಲ್ಲಿ?

• ರೇಡಿಯೊ ಬಿಡಬೇಡ. ಧಾರವಾಡ ಆಕಾಶವಾಣಿ 1950ರಿಂದ ನಮ್ಮ ಭಾಗದ ಮಾತು, ಹಾಡು, ಕೃಷಿ ಸುದ್ದಿ ಕೊಡುತ್ತ ಬಂದಿದೆ. ನಿನ್ನ ಸ್ಟೀರಿಯೊದಲ್ಲಿ ಎಎಂ ಇದ್ದರೆ 765 ಕಿಲೋಹರ್ಟ್ಸ್‌ಗೆ ತಿರುಗಿಸು, ನೆಟ್ಟಿನ ಹಂಗಿಲ್ಲ. ಎಎಂ ಇಲ್ಲದಿದ್ದರೆ ‘ನ್ಯೂಸ್ ಆನ್ ಏರ್’ ಆ್ಯಪಿನಲ್ಲಿ ಆಕಾಶವಾಣಿ ಕೇಂದ್ರಗಳು ಸಿಗುತ್ತವೆ. ಸ್ಟೀರಿಯೊ ಕೊಳ್ಳುವಾಗಲೇ ಎಎಂ ಇದೆಯೇ ಎಂದು ಕೇಳು.

• ಸ್ಟೀರಿಯೊಗೆ ನಿನ್ನ ಮುಖ್ಯ ಗೂಗಲ್ ಖಾತೆ ಕೊಡಬೇಡ. ಹಾಡು, ಮ್ಯಾಪಿಗೆಂದೇ ಬೇರೊಂದು ಖಾತೆ ಮಾಡು. ದುಡ್ಡಿನ ಆ್ಯಪ್ ಯಾವುದನ್ನೂ ಅದರಲ್ಲಿ ಇಳಿಸಬೇಡ. ಗಾಡಿ ಸರ್ವಿಸಿಗೆ ಬಿಟ್ಟಾಗ ಅದು ಯಾರ ಕೈಯಲ್ಲಿ ಇರುತ್ತದೋ ಗೊತ್ತಿಲ್ಲ. ಮಾರುವ ದಿನ ಖಾತೆ ತೆಗೆದು, ಫ್ಯಾಕ್ಟರಿ ರಿಸೆಟ್ ಮಾಡಿ, ಸಿಮ್ ಇದ್ದರೆ ತೆಗೆದುಕೊಂಡ ಮೇಲೆ ಚಾವಿ ಕೊಡು.

• ಫೋನಿನ ಚಾರ್ಜ್ ಕಾಪಾಡು. ಹಾಟ್‌ಸ್ಪಾಟ್ ಬ್ಯಾಟರಿಯನ್ನು ಬೇಗ ಇಳಿಸುತ್ತದೆ, ಏಪ್ರಿಲ್ ಬಿಸಿಲಲ್ಲಿ ಡ್ಯಾಶ್‌ಬೋರ್ಡಿನ ಮೇಲಿಟ್ಟ ಫೋನು ಕಾದು ತಾನೇ ಆಫ್ ಆಗುತ್ತದೆ. ನೆರಳಿನಲ್ಲಿಟ್ಟು ಒಳ್ಳೆಯ ಕಾರ್ ಚಾರ್ಜರಿಗೆ ಹಚ್ಚು. ಕಷ್ಟ ಬಂದಾಗ 112, ಆ್ಯಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ಗಾಡಿ ನಿಂತರೆ 1033 ಒತ್ತಬೇಕಾದದ್ದು ಇದೇ ಫೋನಿನಲ್ಲಿ. ಹಾಡಿಗೆಂದು ಅದನ್ನು ಖಾಲಿ ಮಾಡಿಕೊಳ್ಳಬೇಡ.

• ಓಡುವ ಗಾಡಿಯಲ್ಲಿ ಪರದೆ ಮುಟ್ಟಬೇಡ. ಹಾಡಿನ ಪಟ್ಟಿ, ಹೋಗುವ ಊರು, ಹಾಟ್‌ಸ್ಪಾಟ್ ಎಲ್ಲವನ್ನೂ ಗಾಡಿ ಹೊರಡುವ ಮೊದಲೇ ಹಚ್ಚಿಬಿಡು. ನಡುದಾರಿಯಲ್ಲಿ ನೆಟ್ ಹೋದರೆ ಹೋಗಲಿ. ಬದಲಿಸಲೇಬೇಕಾದರೆ ಪಕ್ಕದವರು ಬದಲಿಸಲಿ, ಇಲ್ಲವೇ ಗಾಡಿಯನ್ನು ಬದಿಗೆ ನಿಲ್ಲಿಸು. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 184ನೇ ಕಲಮಿನಲ್ಲಿ ಓಡಿಸುತ್ತ ಕೈಯಲ್ಲಿ ಫೋನ್ ಹಿಡಿಯುವುದೂ ಅಪಾಯಕಾರಿ ಚಾಲನೆ; ಮೊದಲ ಸಲಕ್ಕೆ 1,000ದಿಂದ 5,000 ರೂಪಾಯಿ ದಂಡ ಅಥವಾ ಜೈಲು, ಇಲ್ಲವೇ ಎರಡೂ ಇವೆ. ದಂಡಕ್ಕಿಂತ ದೊಡ್ಡದು ರಸ್ತೆಯ ಮೇಲಿನ ಜೀವ. ಸುಗ್ಗಿಯಲ್ಲಿ ನಮ್ಮ ರಸ್ತೆಯ ಮೇಲೆ ಗೋವಿನಜೋಳದ ರಾಶಿ, ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರ್, ದನಕರು ಎಲ್ಲ ಇರುತ್ತವೆ. ಕಣ್ಣು ಪರದೆಯ ಮೇಲೆ ಹೋದ ಆ ಒಂದು ಗಳಿಗೆಯಲ್ಲೇ ಅನಾಹುತ ಆಗುವುದು.

• ಕೊನೆಯದಾಗಿ, ಅವಸರ ಮಾಡಬೇಡ. ಒಂದು ರೀಚಾರ್ಜ್ ಮುಗಿಯುವವರೆಗೆ, ಅಂದರೆ 28 ದಿನ, ಫೋನಿನ ನೆಟ್ಟಿನಲ್ಲೇ ಗಾಡಿ ಓಡಿಸು. ಎಷ್ಟು ಡೇಟಾ ಹೋಯಿತು, ಎಲ್ಲೆಲ್ಲಿ ನೆಟ್ ನಿಂತಿತು, ಆ ಜಾಗದಲ್ಲಿ ಇಳಿಸಿಟ್ಟ ಹಾಡು, ಮ್ಯಾಪು ಸಾಕಾದವೇ ಎಂದು ನೋಡಿಕೊ. ಅಷ್ಟಾದ ಮೇಲೂ ಕೊರತೆ ಕಂಡರೆ ಬೇರೆ ಸಿಮ್ ಕೊಳ್ಳು, ನಾನೇ ಸರಿ ಎನ್ನುತ್ತೇನೆ. ಕೊರತೆ ಕಾಣದಿದ್ದರೆ ಆ ರೀಚಾರ್ಜಿನ ದುಡ್ಡನ್ನು ಗಾಡಿಯ ಟೈರಿಗೆ, ಬ್ರೇಕಿಗೆ ಎತ್ತಿಡು.