ಹಳೆಯ ಮೋಟಾರು ಸೈಕಲ್ಲಿನ ಬ್ಯಾಟರಿ ಮತ್ತು ಚಾಲನೆಯ ದೋಷಗಳು: ಅವುಗಳ ಪರೀಕ್ಷೆಯೂ ಪರಿಹಾರವೂ

ಮೈಸೂರು ನಗರದ ಕಾರ್ಖಾನೆಯಲ್ಲಿ 1960ರ ದಶಕದ ಆದಿಭಾಗದಿಂದ 1996ರ ವರೆಗೆ ತಯಾರಾದ, ಮೊದಲು ಜಾವಾ ಎಂತಲೂ ಅನಂತರ ಯೆಜ್ಡಿ ಎಂತಲೂ ಹೆಸರು ಪಡೆದ ಮೋಟಾರು ಸೈಕಲ್ಲುಗಳನ್ನು ಇಂದಿಗೂ ಕೆಲವರು ಕಾಪಾಡಿಕೊಂಡು ಬಂದಿರುತ್ತಾರೆ. ಇಂತಹ ವಾಹನವು ಅಗತ್ಯದ ಸಮಯದಲ್ಲಿ ಹೊರಡದೆ ನಿಂತರೆ ಉಂಟಾಗುವ ನಷ್ಟವು ಅಲ್ಪವಲ್ಲ. ರಾತ್ರಿಯ ವೇಳೆ ಪಶುವೈದ್ಯರನ್ನು ಕರೆತರಬೇಕಾದಾಗ ವಾಹನವು ಕೈಕೊಟ್ಟರೆ ಒಂದು ಎತ್ತಿನ ಜೀವವೇ ಹೋಗಬಹುದು. ದೋಷವನ್ನರಿಯದೆ ವರ್ಷಕ್ಕೊಂದು ಹೊಸ ಬ್ಯಾಟರಿಯನ್ನು ಕೊಂಡು ಹಣವನ್ನು ವ್ಯರ್ಥಮಾಡುವವರೂ ಉಂಟು. ಆದಕಾರಣ ದೋಷವನ್ನು ಕ್ರಮವಾಗಿ ಹುಡುಕುವ ವಿಧಾನವನ್ನು ಕೆಳಗೆ ವಿವರಿಸಲಾಗಿದೆ. 6 ವೋಲ್ಟಿನ ಬ್ಯಾಟರಿ, ಡೈನಮೊ ಮತ್ತು ಪಾಯಿಂಟುಗಳುಳ್ಳ ಯಂತ್ರಗಳಿಗೆ ಮಾತ್ರ ಇದು ಅನ್ವಯಿಸುತ್ತದೆ.

ಯಂತ್ರದ ಸ್ವಭಾವ

ಈ ಯಂತ್ರಗಳಲ್ಲಿ ಪೆಟ್ರೋಲನ್ನು ಹೊತ್ತಿಸುವ ಕಿಡಿಗೆ ಬೇಕಾದ ವಿದ್ಯುತ್ತು ಬ್ಯಾಟರಿಯಿಂದಲೇ ಬರುತ್ತದೆ. ಇಂಜಿನ್ನು ತಿರುಗುವಾಗ ಡೈನಮೊ ಆ ಬ್ಯಾಟರಿಯನ್ನು ತುಂಬುತ್ತದೆ. ಆದುದರಿಂದ ಬ್ಯಾಟರಿಯು ಪೂರ್ಣವಾಗಿ ಬರಿದಾಗಿದ್ದರೆ ಎಷ್ಟು ಸಲ ಕಿಕ್ ಮಾಡಿದರೂ ಪ್ರಯೋಜನವಿಲ್ಲ. ಹೊರಡದಿರುವ ದೋಷಕ್ಕೆ ಮೂಲವು ಎಷ್ಟೋ ವೇಳೆ ತುಂಬದಿರುವ ದೋಷದಲ್ಲಿಯೇ ಇರುತ್ತದೆ.

ಮೊದಲನೆಯದು: ಬ್ಯಾಟರಿಯ ಪರೀಕ್ಷೆ

ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸಿರು ಬೂಷ್ಟಿನಂತಹ ಪದಾರ್ಥವು ಕಟ್ಟಿದ್ದರೆ ಬಿಸಿನೀರಿನಿಂದ ತೊಳೆದು, ಒರೆಸಿ, ತಂತಿಗಳನ್ನು ಬಿಗಿಯಾಗಿ ಕೂಡಿಸಿ ಸ್ವಲ್ಪ ಗ್ರೀಸು ಹಚ್ಚತಕ್ಕದ್ದು. ಬಿಚ್ಚುವಾಗ ಚಾಸಿಗೆ ಸೇರಿದ ತಂತಿಯನ್ನು ಮೊದಲು ಬಿಚ್ಚಿ, ಕೂಡಿಸುವಾಗ ಅದನ್ನು ಕೊನೆಗೆ ಕೂಡಿಸಬೇಕು. ಮೂರು ಕೋಣೆಗಳಲ್ಲಿಯೂ ದ್ರವವು ಸೀಸದ ಫಲಕಗಳನ್ನು ಮುಚ್ಚಿರಬೇಕು. ಕಡಿಮೆಯಾಗಿದ್ದರೆ ಬಟ್ಟಿಯಿಳಿಸಿದ ನೀರನ್ನು ಮಾತ್ರ ಹಾಕತಕ್ಕದ್ದು. ಬಾವಿಯ ನೀರನ್ನಾಗಲಿ ಹೊಸ ಆಮ್ಲವನ್ನಾಗಲಿ ಹಾಕಕೂಡದು.

ವಾಹನವು ಕೆಲವು ಗಂಟೆಗಳ ಕಾಲ ನಿಂತಿದ್ದ ಮೇಲೆ ಮೀಟರಿನಿಂದ ಅಳೆದರೆ, ತುಂಬಿದ ಬ್ಯಾಟರಿಯು ಸುಮಾರು 6.3 ವೋಲ್ಟನ್ನು ತೋರಿಸುತ್ತದೆ. 6 ವೋಲ್ಟಿಗಿಂತ ಕಡಿಮೆಯಿದ್ದರೆ ಅದು ಬಹುಮಟ್ಟಿಗೆ ಬರಿದಾಗಿದೆಯೆಂದು ತಿಳಿಯಬೇಕು. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಫಲಕಗಳ ಮೇಲೆ ಗಟ್ಟಿಯಾದ ಬಿಳಿಯ ಪೊರೆ ಬೆಳೆದು ಅದು ಕೆಟ್ಟುಹೋಗುತ್ತದೆ. ಹೊರಗೆ ತುಂಬಿಸುವಾಗ 12 ಆಂಪಿಯರ್-ಗಂಟೆಯ ಬ್ಯಾಟರಿಗೆ ಸುಮಾರು 1.2 ಆಂಪಿಯರಿನಷ್ಟು ಮಂದಗತಿಯ ವಿದ್ಯುತ್ತು ಸಾಕು. ಆಗ ಹೊರಡುವ ಅನಿಲವು ಸಿಡಿಯುವ ಸ್ವಭಾವದ್ದಾಗಿರುವುದರಿಂದ ಬೀಡಿ, ದೀಪ ಮುಂತಾದುವನ್ನು ಹತ್ತಿರ ತರಬಾರದು. ಆಮ್ಲವು ಮೈಗೆ ತಗುಲಿದರೆ ಕೂಡಲೇ ಬಹಳ ನೀರಿನಿಂದ ತೊಳೆಯಬೇಕು.

ಎರಡನೆಯದು: ಡೈನಮೊ ತುಂಬುವುದೇ ಎಂಬ ಪರೀಕ್ಷೆ

ಬೀಗದ ಕೈ ತಿರುಗಿಸಿದಾಗ ಕೆಂಪು ದೀಪವು ಹೊತ್ತಿ, ಇಂಜಿನ್ನಿನ ವೇಗ ಹೆಚ್ಚಿದಂತೆ ಆರಬೇಕು. ಅದು ಹೊತ್ತದೆಯೇ ಇದ್ದರೆ ಬಲ್ಬು, ಫ್ಯೂಸು ಅಥವಾ ಬ್ಯಾಟರಿಯನ್ನು ನೋಡಬೇಕು. ಹೊತ್ತಿದ್ದು ಆರದಿದ್ದರೆ ಡೈನಮೊ ಕೆಲಸ ಮಾಡುತ್ತಿಲ್ಲವೆಂದರ್ಥ. ಇಂಜಿನ್ನನ್ನು ಮಧ್ಯಮ ವೇಗದಲ್ಲಿ ನಡೆಸಿ ಬ್ಯಾಟರಿಯ ತುದಿಗಳಲ್ಲಿ ಅಳೆದರೆ ಸುಮಾರು 7 ವೋಲ್ಟಿಗೆ ಏರಬೇಕು. ಏರದಿದ್ದರೆ ತುಂಬುತ್ತಿಲ್ಲ, 7.5 ವೋಲ್ಟನ್ನು ಮೀರಿದರೆ ಅತಿಯಾಗಿ ತುಂಬುತ್ತಿದೆ. ಎರಡನೆಯ ಸಂದರ್ಭದಲ್ಲಿ ಬ್ಯಾಟರಿಯ ನೀರು ಬೇಗ ಆರಿ, ಬಲ್ಬುಗಳು ಪದೇ ಪದೇ ಸುಟ್ಟುಹೋಗುತ್ತವೆ.

ಡೈನಮೊದಲ್ಲಿ ಸಾಮಾನ್ಯವಾಗಿ ಸವೆಯುವುದು ಕಾರ್ಬನ್ ಬ್ರಷ್ಷುಗಳು. ಇಂಜಿನ್ನನ್ನು ನಿಲ್ಲಿಸಿ ಬಲಗಡೆಯ ಮುಚ್ಚಳವನ್ನು ತೆಗೆದು, ಅವು ತಮ್ಮ ಗೂಡಿನಲ್ಲಿ ಸಲೀಸಾಗಿ ಜಾರುತ್ತವೆಯೇ, ಸ್ಪ್ರಿಂಗುಗಳು ಒತ್ತುತ್ತವೆಯೇ ಎಂದು ನೋಡತಕ್ಕದ್ದು. ಅವು ಒತ್ತುವ ತಾಮ್ರದ ಉರುಳೆಯು ಕಪ್ಪಾಗಿದ್ದರೆ ಪೆಟ್ರೋಲಿನಲ್ಲಿ ಸ್ವಲ್ಪ ನೆನೆಸಿದ ಬಟ್ಟೆಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆಯೇ ಇಂಜಿನ್ನನ್ನು ನಡೆಸಬೇಕು. ಇವೆಲ್ಲವೂ ಸರಿಯಾಗಿದ್ದರೆ ರೆಗ್ಯುಲೇಟರನ್ನು ಬಲ್ಲವರಿಂದ ಪರೀಕ್ಷಿಸಿಸಬೇಕು. ಅದರೊಳಗಿನ ಕಟ್‌ಔಟು ಅಂಟಿಕೊಂಡರೆ, ವಾಹನವು ನಿಂತಿರುವಾಗ ವಿದ್ಯುತ್ತು ಬ್ಯಾಟರಿಯಿಂದ ಡೈನಮೊಗೆ ಹಿಂದಕ್ಕೆ ಹರಿದು ಬೆಳಗಾಗುವಷ್ಟರಲ್ಲಿ ಬ್ಯಾಟರಿಯು ಬರಿದಾಗುತ್ತದೆ.

ದೋಷವಿಲ್ಲದೆಯೂ ಬ್ಯಾಟರಿ ಬರಿದಾಗುವ ಒಂದು ಕಾರಣವನ್ನು ಗಮನಿಸಬೇಕು. 24 ವಾಟಿನ ದೀಪವು 6 ವೋಲ್ಟಿನಲ್ಲಿ 4 ಆಂಪಿಯರನ್ನು ಬಳಸುತ್ತದೆ. ಕೆಟ್ಟ ಬಂಡಿದಾರಿಯಲ್ಲಿ ರಾತ್ರಿ ನಿಧಾನವಾಗಿ ಹೋಗುವಾಗ ಡೈನಮೊ ಅಷ್ಟನ್ನು ಕೊಡಲಾರದು. ಕೊರತೆಯು ಬ್ಯಾಟರಿಯಿಂದ ಹೋಗುತ್ತದೆ. ಆದುದರಿಂದ ಇನ್ನೂ ದೊಡ್ಡ ಬಲ್ಬುಗಳನ್ನು ಹಾಕುವುದು ತರವಲ್ಲ.

ಮೂರನೆಯದು: ಬ್ಯಾಟರಿ ಸರಿಯಿದ್ದೂ ಹೊರಡದಿದ್ದರೆ

1. ಪ್ಲಗ್ಗನ್ನು ಬಿಚ್ಚಿ ನೋಡಬೇಕು. ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲ. ನಲ್ಲಿ, ಟ್ಯಾಂಕಿನ ಮುಚ್ಚಳದ ಗಾಳಿರಂಧ್ರ, ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಶುಚಿಮಾಡಬೇಕು.

2. ಪ್ಲಗ್ಗು ತೊಯ್ದಿದ್ದರೆ ಪೆಟ್ರೋಲು ಹೆಚ್ಚಾಗಿದೆ ಅಥವಾ ಕಿಡಿಯಿಲ್ಲ. ನಲ್ಲಿಯನ್ನು ಮುಚ್ಚಿ, ಬೀಗದ ಕೈಯನ್ನು ತೆಗೆದು, ಆಕ್ಸಿಲರೇಟರನ್ನು ಪೂರ್ಣ ತೆರೆದು ಕೆಲವು ಸಲ ಕಿಕ್ ಮಾಡಿ, ಪ್ಲಗ್ಗನ್ನು ಒರೆಸಿ ಹಾಕಬೇಕು.

3. ಕಿಡಿಯನ್ನು ನೋಡಲು, ಚೆಲ್ಲಿದ ಪೆಟ್ರೋಲು ಆರಿದ ಮೇಲೆ, ಪ್ಲಗ್ಗನ್ನು ಅದರ ರಂಧ್ರದಿಂದ ದೂರದಲ್ಲಿ ಇಂಜಿನ್ನಿನ ಲೋಹಕ್ಕೆ ತಗುಲಿಸಿ ಕಿಕ್ ಮಾಡತಕ್ಕದ್ದು. ನೀಲಿಬಣ್ಣದ ಬಲವಾದ ಕಿಡಿಯು ಉತ್ತಮ; ಹಳದಿಯ ಸಣ್ಣ ಕಿಡಿಯು ದುರ್ಬಲ. ಹೊಸ ಪ್ಲಗ್ಗು ಹಾಕಿದರೂ ದುರ್ಬಲವಾಗಿದ್ದರೆ ಪಾಯಿಂಟುಗಳನ್ನು ಶುಚಿಮಾಡಿ, ಪೂರ್ಣ ತೆರೆದಾಗ ಅವುಗಳ ಅಂತರವನ್ನು 0.4 ಮಿಲ್ಲಿಮೀಟರಿಗೆ ಇಡಬೇಕು.

4. ಪಾಯಿಂಟುಗಳು ಮತ್ತೆ ಮತ್ತೆ ಸುಟ್ಟು ಕಪ್ಪಾಗುತ್ತಿದ್ದರೆ ಕಂಡೆನ್ಸರು ಕೆಟ್ಟಿರುವ ಸಂಭವ ಹೆಚ್ಚು. ಅದನ್ನು ಬದಲಾಯಿಸಿ ನೋಡತಕ್ಕದ್ದು.

ಈ ಕ್ರಮವನ್ನು ತಪ್ಪಿಸಿ ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಯಾವುದರಲ್ಲಿ ದೋಷವಿತ್ತೆಂಬುದು ತಿಳಿಯದೆ ಹೋಗುತ್ತದೆ. ಒಂದು ಸಲಕ್ಕೆ ಒಂದನ್ನು ಮಾತ್ರ ಸರಿಪಡಿಸಿ ಪರೀಕ್ಷಿಸುವುದು ಮೇಲು. ತಿಂಗಳಿಗೊಮ್ಮೆ ಬ್ಯಾಟರಿಯ ನೀರನ್ನೂ ತಂತಿಗಳ ಬಿಗಿಯನ್ನೂ ನೋಡುವ ಅಭ್ಯಾಸವಿಟ್ಟುಕೊಂಡವರಿಗೆ ಈ ತೊಂದರೆಗಳಲ್ಲಿ ಹೆಚ್ಚಿನವು ಬಾರವು. ಗ್ರಾಮದ ಮುಖಂಡರು ಈ ವಿಷಯವನ್ನು ತಮ್ಮಲ್ಲಿಯ ಯುವಕರಿಗೂ ತಿಳಿಸಿಕೊಟ್ಟರೆ ಅನೇಕರಿಗೆ ಉಪಕಾರವಾಗುವುದು.